ಕೆಂಗೇರಿಯ ಚಾವಣಿ, ಶರಾವತಿಯ ಕಣಿವೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಬೆಂಗಳೂರಿನ ಮೆಟ್ರೋ ರೈಲು 2021ರ ಆಗಸ್ಟ್ ತಿಂಗಳಲ್ಲಿ ಕೆಂಗೇರಿಯವರೆಗೆ ವಿಸ್ತರಣೆಗೊಂಡಿತು. ಮೈಸೂರು ರಸ್ತೆಯ ಮೇಲೆ ಎತ್ತರದಲ್ಲಿ ಸಾಗುವ ಆ ರೈಲಿನ ಕಿಟಕಿಯಿಂದ ನೋಡಿದವರಿಗೆ ಊರಿನ ಬೀದಿಗಳಿಗಿಂತ ಮೊದಲು ಕಾಣುವುದು ಮನೆಗಳ ಚಾವಣಿ. ಕರಿಯ ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಹಗ್ಗ, ಅವುಗಳ ಪಕ್ಕದಲ್ಲಿ ಇಳಿಜಾರಾಗಿ ನಿಲ್ಲಿಸಿದ ಗಾಜಿನ ಕೊಳವೆಗಳ ಸಾಲು. ನೀಲಿಗಪ್ಪು ಬಣ್ಣದ ಚಪ್ಪಟೆ ಫಲಕಗಳು ಅಲ್ಲೊಂದು ಇಲ್ಲೊಂದು ಮಾತ್ರ. ಜನರು ಎರಡನ್ನೂ 'ಸೋಲಾರ್' ಎಂದೇ ಕರೆಯುತ್ತಾರೆ. ಆದರೆ ಇವೆರಡರ ಕೆಲಸ ಒಂದೇ ಅಲ್ಲ. ಗಾಜಿನ ಕೊಳವೆಯು ಬಿಸಿಲಿನ ಶಾಖವನ್ನು ನೀರಿಗೆ ಕೊಡುತ್ತದೆ. ಅದರಿಂದ ಒಂದು ಬಲ್ಬೂ ಉರಿಯದು. ಚಪ್ಪಟೆ ಫಲಕವು ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಶಾಖವು ಅದಕ್ಕೆ ಉಪಕಾರಿಯಲ್ಲ, ಅಪಕಾರಿ.

ಕೊಳವೆಗಳು ಹೆಚ್ಚು, ಫಲಕಗಳು ಕಡಿಮೆ ಇರುವುದಕ್ಕೆ ಕಾರಣವುಂಟು. ರಾಜ್ಯ ಸರ್ಕಾರವು 2007ರಲ್ಲಿ ನಿಗದಿತ ವಿಸ್ತೀರ್ಣಕ್ಕಿಂತ ದೊಡ್ಡದಾದ ಹೊಸ ಮನೆಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು. ಅದಿಲ್ಲದೆ ವಿದ್ಯುತ್ ಸಂಪರ್ಕ ದೊರೆಯುವುದು ಕಷ್ಟವಾಯಿತು. ಬೆಳಗಿನ ಹೊತ್ತು ಗೀಸರ್‌ಗಳಿಂದ ಏರುತ್ತಿದ್ದ ಬೇಡಿಕೆಯನ್ನು ತಗ್ಗಿಸಿದ ಈ ಆದೇಶಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಫಲಕದೊಳಗಿನ ಕ್ರಿಯೆಯು ಸರಳವಾದುದು. ಸಿಲಿಕಾನ್ ಎಂಬುದು ಮರಳಿನಿಂದ ಪಡೆಯುವ ಧಾತು. ಅದರ ತೆಳುವಾದ ಬಿಲ್ಲೆಯ ಒಂದು ಪದರಕ್ಕೆ ರಂಜಕವನ್ನೂ ಇನ್ನೊಂದಕ್ಕೆ ಬೋರಾನನ್ನೂ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ, ಎರಡೂ ಪದರಗಳು ಕೂಡುವಲ್ಲಿ ಒಂದು ವಿದ್ಯುತ್ ಕ್ಷೇತ್ರವು ಉಂಟಾಗುತ್ತದೆ. ಬೆಳಕಿನ ಕಣವು ಬಡಿದು ಬಿಡಿಸಿದ ಎಲೆಕ್ಟ್ರಾನನ್ನು ಆ ಕ್ಷೇತ್ರವು ಒಂದೇ ದಿಕ್ಕಿಗೆ ದೂಡುತ್ತದೆ. ಬಿಲ್ಲೆಯ ಮೇಲಿನ ಬೆಳ್ಳಿಯ ಗೆರೆಗಳು ಅದನ್ನು ಸಂಗ್ರಹಿಸಿಕೊಳ್ಳುತ್ತವೆ. ಸವೆಯುವ ಭಾಗವಿಲ್ಲ, ಸದ್ದಿಲ್ಲ, ಹೊಗೆಯಿಲ್ಲ.

ಅಮೆರಿಕದ ಬೆಲ್ ಪ್ರಯೋಗಾಲಯವು 1954ರಲ್ಲಿ ಪ್ರದರ್ಶಿಸಿದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 6ರಷ್ಟನ್ನು ವಿದ್ಯುತ್ತಾಗಿಸಿತು. ಬೆಲೆ ವಿಪರೀತವಾಗಿದ್ದುದರಿಂದ ಮೊದಮೊದಲು ಅದು ಉಪಗ್ರಹಗಳಿಗೆ ಮೀಸಲಾಯಿತು. ಕರ್ನಾಟಕಕ್ಕೂ ಆ ಚರಿತ್ರೆಯಲ್ಲಿ ಪಾಲಿದೆ. 1975ರಲ್ಲಿ ನಭಕ್ಕೇರಿದ 'ಆರ್ಯಭಟ' ಉಪಗ್ರಹವು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದುದು. ಅದರ ಮೈತುಂಬ ಸೌರಕೋಶಗಳಿದ್ದವು. ಇಪ್ಪತ್ತು ವರ್ಷಗಳ ಹಿಂದೆ ಮಾರುಕಟ್ಟೆಯಲ್ಲಿದ್ದ ಫಲಕಗಳ ದಕ್ಷತೆಯು ಶೇಕಡಾ 15ರ ಆಸುಪಾಸಿನಲ್ಲಿತ್ತು. ಈಗ ಸಾಮಾನ್ಯ ಅಂಗಡಿಯಲ್ಲಿ ದೊರೆಯುವ ಫಲಕದ ದಕ್ಷತೆ ಶೇಕಡಾ 20ನ್ನು ದಾಟಿದೆ. ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಎಂಬ ಸ್ಫಟಿಕದ ಪದರವನ್ನು ಕೂಡಿಸಿ ಪ್ರಯೋಗಾಲಯಗಳಲ್ಲಿ ಶೇಕಡಾ 34ನ್ನು ಮೀರಲಾಗಿದೆ. ಆದರೆ ಮಳೆ-ಬಿಸಿಲಿನಲ್ಲಿ ಆ ಪದರ ಎಷ್ಟು ವರ್ಷ ಬಾಳೀತೆಂಬುದು ಇನ್ನೂ ಬಗೆಹರಿಯಬೇಕಾದ ಪ್ರಶ್ನೆ. ಅದಕ್ಕಾಗಿ ಕಾಯುತ್ತ ಕುಳಿತುಕೊಳ್ಳಬೇಕಾಗಿಲ್ಲ. ಇಂದಿನ ಸಿಲಿಕಾನ್ ಫಲಕವೇ ವರ್ಷಕ್ಕೆ ಸುಮಾರು ಅರ್ಧ ಶೇಕಡಾದಷ್ಟು ಮಾತ್ರ ಕುಗ್ಗುತ್ತ 25 ವರ್ಷ ನಡೆಯುತ್ತದೆ.

ಕೆಂಗೇರಿಯಂತಹ ಕಡೆ ಒಂದು ಕಿಲೋವಾಟ್ ಫಲಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್‌ನಷ್ಟು ವಿದ್ಯುತ್ತನ್ನು ಕೊಡುತ್ತದೆ. 30-40ರ ನಿವೇಶನದ ಮನೆಯ ಚಾವಣಿಯಲ್ಲಿ 300 ಚದರಡಿ ಬಿಟ್ಟುಕೊಟ್ಟರೆ 3 ಕಿಲೋವಾಟ್ ಕೂರುತ್ತದೆ. ತಿಂಗಳಿಗೆ ಸುಮಾರು 360 ಯೂನಿಟ್. ಕೇಂದ್ರ ಸರ್ಕಾರವು 2024ರಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಹೀಗಿದ್ದೂ ಚಾವಣಿಗಳು ಬರಿದಾಗಿರುವುದೇಕೆ? ರಾಜ್ಯದ ಗೃಹಜ್ಯೋತಿ ಯೋಜನೆಯು 2023ರಲ್ಲಿ ಬಂದ ಮೇಲೆ, 200 ಯೂನಿಟ್‌ನ ಮಿತಿಯೊಳಗಿರುವ ಮನೆಗಳಿಗೆ ಬಿಲ್ಲೇ ಬಾರದಾಯಿತು. ಬಾರದ ಬಿಲ್ಲನ್ನು ಉಳಿಸಲು ಲಕ್ಷಾಂತರ ರೂಪಾಯಿ ಹೂಡುವವರು ಯಾರು? ಒಂದು ಸರ್ಕಾರದ ಕೈ ಕೊಟ್ಟ ಉತ್ತೇಜನವನ್ನು ಇನ್ನೊಂದರ ಕೈ ಅರಿಯದೆಯೇ ಹಿಂತೆಗೆದುಕೊಂಡಂತಾಗಿದೆ.

ಇನ್ನು ಮಲೆನಾಡಿನ ಮನೆಯ ವಿಚಾರ. ಇಲ್ಲಿ ಎಚ್ಚರಿಕೆಯ ಒಂದು ಮಾತನ್ನು ಮೊದಲೇ ಹೇಳಬೇಕಾಗಿದೆ. ಸಹಾಯಧನ ಸಿಗುವುದು ವಿದ್ಯುತ್ ಜಾಲಕ್ಕೆ ಜೋಡಿಸಿದ ವ್ಯವಸ್ಥೆಗೆ. ಬ್ಯಾಟರಿಗೆ ಪ್ರತ್ಯೇಕ ಸಹಾಯಧನವಿಲ್ಲ. ಬ್ಯಾಟರಿಯಿಲ್ಲದ ಜಾಲಜೋಡಿತ ಇನ್ವರ್ಟರ್, ಲೈನಿನಲ್ಲಿ ಕರೆಂಟು ಹೋದ ಕ್ಷಣವೇ ತಾನೂ ನಿಂತುಬಿಡುತ್ತದೆ. ಇದು ದೋಷವಲ್ಲ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ಹಿಂದಿನಿಂದ ವಿದ್ಯುತ್ ಹರಿದು ಪ್ರಾಣಾಪಾಯವಾಗಬಾರದೆಂದು ಮಾಡಿದ ಕಟ್ಟುನಿಟ್ಟಿನ ಏರ್ಪಾಡು. ಆದರೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಆಷಾಢದಲ್ಲಿ, ಚಾವಣಿಯ ಮೇಲೆ ಒಂದೂವರೆ ಲಕ್ಷದ ಫಲಕವಿಟ್ಟ ಮನೆಯೂ ಬುಡ್ಡಿದೀಪ ಹಚ್ಚಬೇಕಾಗುತ್ತದೆ. ಮಾರಾಟ ಮಾಡಲು ಬಂದವರು ಈ ಸಂಗತಿಯನ್ನು ತಾವಾಗಿ ಹೇಳುವುದು ಕಡಿಮೆ. ಕೇಳಿ ತಿಳಿದುಕೊಳ್ಳಬೇಕು.

ಕತ್ತಲನ್ನು ನೀಗುವುದೇ ಉದ್ದೇಶವಾದರೆ ಲೆಕ್ಕವೇ ಬೇರೆ. 7 ವಾಟಿನ ಐದು ಎಲ್‌ಇಡಿ ಬಲ್ಬುಗಳು ಐದು ತಾಸು, 28 ವಾಟಿನ ಒಂದು ಫ್ಯಾನು ಎಂಟು ತಾಸು, ಜೊತೆಗೆ ಮೊಬೈಲ್ ಫೋನುಗಳು. ಎಲ್ಲ ಸೇರಿ ದಿನಕ್ಕೆ ಅರ್ಧ ಯೂನಿಟ್‌ಗಿಂತ ಕಡಿಮೆ. ಇದಕ್ಕೆ 300 ವಾಟಿನ ಆಸುಪಾಸಿನ ಒಂದೇ ಫಲಕ ಮತ್ತು 12 ವೋಲ್ಟ್, 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. ಸೂರ್ಯ ಕಾಣದ ಎರಡು ದಿನಗಳನ್ನು ಅದು ದಾಟಿಸುತ್ತದೆ, ಫ್ಯಾನು ನಿಲ್ಲಿಸಿದರೆ (ಆಷಾಢದಲ್ಲಿ ಫ್ಯಾನು ಯಾರಿಗೆ ಬೇಕು?) ನಾಲ್ಕೈದು ದಿನಗಳನ್ನೂ ದಾಟಿಸೀತು. ಹಳೆಯ ಸೀಸ-ಆಮ್ಲದ ಬ್ಯಾಟರಿಯು ಅಗ್ಗವಾದರೂ ಬಟ್ಟಿಯಿಳಿಸಿದ ನೀರು ಹಾಕುವುದನ್ನು ಮರೆತರೆ ಬೇಗನೆ ಕೆಡುತ್ತದೆ, ಮತ್ತು ಅರ್ಧಕ್ಕಿಂತ ಕೆಳಗೆ ಪದೇಪದೇ ಬರಿದಾಗುವುದನ್ನು ಸಹಿಸದು.

ಮಲೆನಾಡಿಗೆ ಒಂದು ಅನುಕೂಲವೂ ಇದೆ. ಫಲಕದ ಬಿಸಿಯು 25 ಡಿಗ್ರಿಯನ್ನು ಮೀರಿದ ಪ್ರತಿ ಡಿಗ್ರಿಗೂ ಉತ್ಪಾದನೆಯು ಶೇಕಡಾ 0.3ರಿಂದ 0.4ರಷ್ಟು ತಗ್ಗುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಫಲಕವು 60 ಡಿಗ್ರಿ ಮುಟ್ಟಿದಾಗ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ನಷ್ಟ. ತಂಪು ಗಾಳಿಯ ಡಿಸೆಂಬರಿನಲ್ಲಿ ಬೆಟ್ಟದ ಸೀಮೆಯ ಫಲಕವು ಚೆನ್ನಾಗಿಯೇ ದುಡಿಯುತ್ತದೆ. ಶತ್ರುವೆಂದರೆ ನೆರಳು. ಫಲಕದೊಳಗಿನ ಕೋಶಗಳು ಸರಪಳಿಯಂತೆ ಜೋಡಣೆಗೊಂಡಿರುವುದರಿಂದ, ಒಂದು ಅಡಿಕೆ ಸೋಗೆಯ ನೆರಳು ಕೆಲವೇ ಕೋಶಗಳ ಮೇಲೆ ಬಿದ್ದರೂ ತೋಟದ ಪೈಪಿನ ಮೇಲೆ ಕಾಲಿಟ್ಟಂತೆ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಹೊಸ ಫಲಕಗಳಲ್ಲಿ ಕೋಶಗಳನ್ನು ಅರ್ಧಕ್ಕೆ ಕತ್ತರಿಸಿ ಎರಡು ಭಾಗಗಳಾಗಿ ಜೋಡಿಸುವುದರಿಂದ ಈ ನಷ್ಟ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಹಂಚಿನ ಮಾಡಿನ ಮೇಲೆ ಫಲಕ ಹೇರುವುದಕ್ಕಿಂತ ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ ಕಬ್ಬಿಣದ ಕಂಬ ನಿಲ್ಲಿಸುವುದು ಮೇಲು. ಊರಿನಲ್ಲಿ ಅತ್ಯಂತ ಬಿಸಿಲು ಬೀಳುವ ಜಾಗ ಯಾವುದೆಂಬುದನ್ನು ಹಿರಿಯರು ಅಡಿಕೆಯ ನೆವದಲ್ಲಿ ಆಗಲೇ ಗುರುತಿಸಿಟ್ಟಿದ್ದಾರೆ. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆ ಕೊಟ್ಟರೆ ಎಲೆ, ಪಾಚಿ, ಹಕ್ಕಿಯ ಹಿಕ್ಕೆಗಳನ್ನು ಮಳೆಯೇ ಬಹುಮಟ್ಟಿಗೆ ತೊಳೆದುಕೊಂಡು ಹೋಗುತ್ತದೆ. ಮಂಗಗಳ ಕಾಟಕ್ಕೆ ಮಾತ್ರ ಯಾವ ಓರೆಯೂ ಪರಿಹಾರವಲ್ಲ.

ಹಣದ ಪ್ರಶ್ನೆಯಲ್ಲಿ ಕರ್ನಾಟಕವೇ ಜಗತ್ತಿಗೆ ಪಾಠ ಹೇಳಿದೆ. ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಸಹಸ್ಥಾಪಕರಾಗಿ ಕಟ್ಟಿದ ಸೆಲ್ಕೋ ಸಂಸ್ಥೆಯು ಕರಾವಳಿ-ಮಲೆನಾಡಿನ ಸಾವಿರಾರು ಮನೆಗಳಿಗೆ ಸೌರದೀಪಗಳನ್ನು ತಲುಪಿಸಿತು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸೆಲ್ಕೋ ಹೊಸ ಫಲಕವನ್ನೇನೂ ಕಂಡುಹಿಡಿಯಲಿಲ್ಲ. ಗ್ರಾಮೀಣ ಬ್ಯಾಂಕುಗಳನ್ನು ಸಾಲ ಕೊಡಲು ಒಪ್ಪಿಸಿತು. ತಿಂಗಳಿಗೆ 300 ರೂಪಾಯಿ ಭಾರವೆನ್ನುವ ಬೀದಿಬದಿಯ ವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಹಗುರವೆನಿಸುತ್ತದೆಂಬುದನ್ನು ಹಂದೆಯವರು ಮತ್ತೆ ಮತ್ತೆ ವಿವರಿಸಿದ್ದಾರೆ. ಮಲೆನಾಡಿನಲ್ಲಿಯೂ ಅಡಿಕೆ ಬೆಳೆಗಾರನಿಗೆ ಹಣ ಬರುವುದು ಕೊಯ್ಲಿನ ನಂತರ, ಹಾಲು ಹಾಕುವವರಿಗೆ ಡೇರಿಯ ಬಟವಾಡೆಯ ದಿನ, ಕೂಲಿಯವರಿಗೆ ವಾರಕ್ಕೊಮ್ಮೆ. ಒಂದೇ ಬಗೆಯ ಕಂತು ಮೂವರಿಗೂ ಹೊಂದದು.

ಕೆಂಗೇರಿಯ ಪಕ್ಕದಲ್ಲಿ ಹರಿಯುವ ವೃಷಭಾವತಿಯನ್ನು ಕಂಡವರಿಗೆ ಇನ್ನೊಂದು ವಿಷಯ ನೆನಪಾಗದಿರದು. ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಅದು ಬೈರಮಂಗಲದ ಜಲಾಶಯವನ್ನು ಸೇರುತ್ತದೆ; ಆ ನೀರಿನಲ್ಲಿಯೇ ರೈತರು ಬೆಳೆ ತೆಗೆದಿದ್ದಾರೆ. ಒಡೆದ ಫಲಕದ ಬೆಸುಗೆಯಲ್ಲಿ ಸೀಸವಿದೆ, ಹಳೆಯ ಬ್ಯಾಟರಿಯಲ್ಲಂತೂ ಕಿಲೋಗಟ್ಟಲೆ ಇದೆ. 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ, ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮಗಳು ಬ್ಯಾಟರಿಗಳನ್ನೂ ಉತ್ಪಾದಕರ ಹೊಣೆಗೆ ಒಳಪಡಿಸಿವೆ. ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಮಾರಿದವರನ್ನೇ ಕೇಳುವ ಹಕ್ಕು ಕೊಂಡವರಿಗಿದೆ.

ಈಗ ಶರಾವತಿಯ ಮಾತು. ಪಾವಗಡದಲ್ಲಿ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ 2019ರ ಅಂತ್ಯಕ್ಕೆ ಪೂರ್ಣಗೊಂಡಿತು. ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮವೇ. ಭೂಮಿಯಿಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಆ ಬಾಡಿಗೆಯಲ್ಲಿ ಪಾಲಿರಲಿಲ್ಲವೆಂಬುದೂ ಅಷ್ಟೇ ನಿಜ. ಹೀಗೆ ಹಗಲಿನಲ್ಲಿ ವಿದ್ಯುತ್ತು ಹೇರಳವಾಯಿತು. ಆದರೆ ಬೆಂಗಳೂರಿನ ಮನೆಗಳಲ್ಲಿ ಟಿವಿ, ಮಿಕ್ಸಿ, ಎ.ಸಿ.ಗಳೆಲ್ಲ ಒಟ್ಟಿಗೆ ಎಚ್ಚರಗೊಳ್ಳುವುದು ಸೂರ್ಯ ಮುಳುಗಿದ ಮೇಲೆ. ಹಗಲಿನದನ್ನು ರಾತ್ರಿಗೆ ಕೂಡಿಡಬೇಕೆಂಬ ಕಾರಣವನ್ನು ಮುಂದಿಟ್ಟುಕೊಂಡೇ ಕರ್ನಾಟಕ ವಿದ್ಯುತ್ ನಿಗಮವು ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿತು. ಸ್ಥಳವು ಸಿಂಗಳೀಕಗಳ ಅಭಯಾರಣ್ಯ. 1964ರಲ್ಲಿ ಲಿಂಗನಮಕ್ಕಿಗಾಗಿ ಸಾವಿರಾರು ಕುಟುಂಬಗಳು ಮನೆ-ಗದ್ದೆ ತೊರೆದ ಕಣಿವೆಯೂ ಇದೇ.

ಕೆಂಗೇರಿಯ ಚಾವಣಿಗಳೆಲ್ಲ ಫಲಕಗಳಿಂದ ತುಂಬಿದರೆ ಈ ಯೋಜನೆ ತಾನಾಗಿ ಬೇಡವಾಗುತ್ತದೆಂದು ಕೆಲವು ಪರಿಸರಪ್ರಿಯರು ನಂಬಿದ್ದಾರೆ. ಆ ನಂಬಿಕೆ ಪೂರ್ತಿ ಸರಿಯಲ್ಲ. ಬ್ಯಾಟರಿಯಿಲ್ಲದ ಚಾವಣಿಯೂ ಹಗಲಿನಲ್ಲಿಯೇ ವಿದ್ಯುತ್ತು ಕೊಡುವುದರಿಂದ ಸಂಜೆಯ ಕೊರತೆಯನ್ನು ಅದು ನೀಗದು. ನೀಗಬೇಕಾದರೆ ಎರಡು ಕೆಲಸಗಳಾಗಬೇಕು. ಒಂದು, ವಿದ್ಯುತ್ತು ಖರ್ಚಾಗುವ ಊರಿನಲ್ಲಿಯೇ ಬ್ಯಾಟರಿಗಳು ಇರಬೇಕು. ನೀರನ್ನು ಮೇಲಕ್ಕೆತ್ತಿ ಇಳಿಸುವ ವಿಧಾನದಲ್ಲಿ 100 ಯೂನಿಟ್‌ಗೆ 75ರಿಂದ 80 ಯೂನಿಟ್ ಹಿಂದಿರುಗುತ್ತದೆ. ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ 85ಕ್ಕೂ ಹೆಚ್ಚು. ಎರಡು, ಹಗಲಿಗೆ ಸಾಗಿಸಬಹುದಾದ ಬಳಕೆಯನ್ನೆಲ್ಲ ಹಗಲಿಗೆ ಸಾಗಿಸಬೇಕು. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಹೀರುವ ನೀರಾವರಿ ಪಂಪುಗಳೇ ಇದರಲ್ಲಿ ಮೊದಲಿನವು. 2014ರ 'ಸೂರ್ಯ ರೈತ' ಯೋಜನೆಯು ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೌರಪಂಪುಗಳನ್ನು ನೀಡಿ, ಮಿಕ್ಕ ವಿದ್ಯುತ್ತನ್ನು ರೈತರಿಂದ ಕೊಳ್ಳುವ ದಾರಿಯನ್ನು ತೋರಿಸಿತು. ಕರೆಂಟು ಮಾರಿದರೆ ಹಣ ಬರುವುದಾದರೆ ಕೊಳವೆಬಾವಿಯ ನೀರನ್ನು ಅನಗತ್ಯವಾಗಿ ಎತ್ತುವ ಆತುರ ತಗ್ಗುತ್ತದೆಂಬ ಎಣಿಕೆ ಅದರ ಹಿಂದಿತ್ತು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಮ್ಮ ಮನೆಯಿಂದಲೇ ಆರಂಭಿಸಬಹುದು. ಒಂದು ವಾರ ಕಾಲ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ ಮೀಟರಿನ ಅಂಕಿಗಳನ್ನು ಬರೆದಿಡಬೇಕು. ಬೆಂಗಳೂರಿನಲ್ಲಿ ನೆಂಟರಿದ್ದರೆ ಅವರ ಮನೆಯ ಅಂಕಿಗಳನ್ನೂ ತರಿಸಿಕೊಳ್ಳಬೇಕು. ಸಂಜೆ ಆರರಿಂದ ಹತ್ತರವರೆಗಿನ ಆ ನಾಲ್ಕು ತಾಸುಗಳ ಯೂನಿಟ್‌ಗಳೇ ಶರಾವತಿ ಕಣಿವೆಯ ಯೋಜನಾ ವರದಿಗೆ ಆಧಾರವಾಗಿರುವ ಅಂಕಿಗಳು.