ಹಾಲಿನ ಪುಡಿಯ ಹಿಂದಿನ ಮನುಷ್ಯ

(ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣ)



ಹಸಿರು ಮೇವು ಹೇರಳವಾದ ತಿಂಗಳುಗಳಲ್ಲಿ ನಿಮ್ಮ ಸಂಘದ ಕ್ಯಾನುಗಳು ತುಂಬಿ ಬರುತ್ತವೆ. ಪಟ್ಟಣದವರು ಅಷ್ಟನ್ನೂ ಕುಡಿದು ಮುಗಿಸುವುದಿಲ್ಲ. ಹೆಚ್ಚಾದ ಹಾಲು ಪುಡಿಯಾಗುವುದರಿಂದಲೇ ನಿಮ್ಮ ಬಟವಾಡೆ ನಡೆಯುತ್ತದೆ. ನಮ್ಮ ದೇಶದ ಸಹಕಾರಿ ಡೇರಿಗೆ ಈ ದಾರಿ ತೋರಿದವರು ಯಾರು ಎಂದರೆ ನೀವು ಕುರಿಯನ್ ಎನ್ನುತ್ತೀರಿ. ಅವರು ದೊಡ್ಡವರೇ. ಬೆಂಗಳೂರಿನ ಡೇರಿ ಸಂಸ್ಥೆಯಲ್ಲಿ ತರಬೇತಿ ಪಡೆದವರು. ಅವರ ಜನ್ಮದಿನವಾದ ನವೆಂಬರ್ 26ನ್ನು 2014ರಿಂದ ರಾಷ್ಟ್ರೀಯ ಹಾಲು ದಿನವೆಂದು ಆಚರಿಸುತ್ತೇವೆ. ಆದರೆ ಯಂತ್ರದ ಮುಂದೆ ನಿಂತು ದಾರಿ ಹುಡುಕಿದವರು ಹರಿಚಂದ್ ಮೇಘಾ ದಲಾಯ. ಈ ಹೆಸರು ಕೇಳಿದವರು ಕೈ ಎತ್ತಿ ಎಂದರೆ ಎಷ್ಟು ಕೈ ಎದ್ದಾವು?

ಗುಜರಾತಿನ ಖೇಡಾ ಜಿಲ್ಲೆಯ ಒಕ್ಕೂಟ ಹುಟ್ಟಿದ್ದು 1946ರಲ್ಲಿ. ಅಲ್ಲಿ ಎಮ್ಮೆ ಹಾಲೇ ಪ್ರಧಾನ. ಚಳಿಗಾಲದಲ್ಲಿ ಹಾಲು ಉಕ್ಕಿ ಬರುತ್ತಿತ್ತು, ಮುಂಬಯಿ ಅಷ್ಟನ್ನೂ ಕೊಳ್ಳುತ್ತಿರಲಿಲ್ಲ. ಪುಡಿ ಮಾಡೋಣವೆಂದರೆ, ಎಮ್ಮೆ ಹಾಲಿನಲ್ಲಿ ಅದು ಸಾಧ್ಯವಿಲ್ಲ ಎಂದು ವಿದೇಶಿ ತಜ್ಞರು ಹೇಳಿಬಿಟ್ಟರು. ಹಸುವಿನ ಹಾಲಿನ ಜಿಡ್ಡು ಸುಮಾರು 4 ಆದರೆ ಎಮ್ಮೆಯದು ಸುಮಾರು 7 ತಾನೇ! ದಲಾಯ ಒಪ್ಪಲಿಲ್ಲ. ಬಣ್ಣ ಸಿಂಪಡಿಸುವ ಸಾಧನ, ಗಾಳಿ ಬಿಸಿ ಮಾಡುವ ಯಂತ್ರ ಇವೆರಡನ್ನೇ ಇಟ್ಟುಕೊಂಡು ಪುಡಿ ಮಾಡಿ ತೋರಿಸಿದರು. ತತ್ವ ಸರಳ: ಹಾಲನ್ನು ಸಣ್ಣ ಹನಿಗಳಾಗಿ ಬಿಸಿಗಾಳಿಯೊಳಕ್ಕೆ ಚಿಮ್ಮಿಸಿದರೆ ನೀರು ಕ್ಷಣದಲ್ಲಿ ಆವಿಯಾಗಿ ಪುಡಿ ಕೆಳಗೆ ಬೀಳುತ್ತದೆ. 1955ರ ಅಕ್ಟೋಬರ್ 31ರಂದು ಆನಂದದಲ್ಲಿ ನೆಹರೂ ಅವರು ಕಾರ್ಖಾನೆಯನ್ನು ಉದ್ಘಾಟಿಸಿದರು.

ನಮ್ಮ ಮೈಸೂರಿನ ಆಹಾರ ಸಂಶೋಧನಾಲಯವೂ ಅದೇ ದಶಕದಲ್ಲಿ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ಕ್ರಮವನ್ನು ರೂಪಿಸಿತು. ಆ ಕೆಲಸ ಮಾಡಿದ ಎಂ. ಆರ್. ಚಂದ್ರಶೇಖರ ಮತ್ತು ಸಂಗಡಿಗರ ಹೆಸರು ಮೈಸೂರಿನವರಿಗೇ ಗೊತ್ತಿಲ್ಲ.

ಈಗ ನನ್ನ ಸಲಹೆ. ಆಗ್ಮೆಂಟೆಡ್ ರಿಯಾಲಿಟಿ ಎಂಬ ತಂತ್ರವಿದೆ. ಮೊಬೈಲ್ ಕ್ಯಾಮೆರಾವನ್ನು ಒಂದು ವಸ್ತುವಿಗೆ ಹಿಡಿದರೆ, ಪರದೆಯಲ್ಲಿ ಆ ವಸ್ತುವಿನ ಜೊತೆಗೇ ಚಿತ್ರ, ಮಾತು ಮೂಡುತ್ತವೆ. ಅಮೆರಿಕದಲ್ಲಿ 2019ರಲ್ಲಿ ಹೀಗೆಯೇ ಮಾಡಿದರು: ಇತಿಹಾಸದ ಪಠ್ಯದಲ್ಲಿರುವ ಗಂಡಸಿನ ಚಿತ್ರಕ್ಕೆ ಫೋನು ಹಿಡಿದರೆ, ಪುಸ್ತಕ ಮರೆತ ಒಬ್ಬ ಮಹಿಳೆಯ ಕಥೆ ತೆರೆದುಕೊಳ್ಳುತ್ತಿತ್ತು. ನಮ್ಮ ಪುಡಿಯ ಪೊಟ್ಟಣಕ್ಕೆ ಫೋನು ಹಿಡಿದ ಶಾಲೆಯ ಹುಡುಗಿಗೆ, ದಲಾಯ ಆ ಸಿಂಪಡಿಸುವ ಸಾಧನ ಹಿಡಿದು ನಿಂತದ್ದು ಕಾಣಲಿ. ಫೋನಿಲ್ಲದ ಹಿರಿಯರಿಗಾಗಿ ಸಂಘದ ಗೋಡೆಯ ಮೇಲೆ ಒಂದು ಫಲಕವೂ ಇರಲಿ, ಖರ್ಚೇನೂ ಹೆಚ್ಚಲ್ಲ.

ಚಿತ್ರ ಮಾಡಿಕೊಡುವ ಹುಡುಗರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಕಷ್ಟವಿರುವುದು ಹೆಸರು ಕೂಡಿಸುವುದರಲ್ಲಿ. ನಿಮ್ಮ ಊರಿಗೆ ಮೊದಲು ಕೃತಕ ಗರ್ಭಧಾರಣೆ ತಂದವರು ಯಾರು? ಮೇವು ಕತ್ತರಿಸಲು ತಾನೇ ಒಂದು ಯಂತ್ರ ಕಟ್ಟಿಕೊಂಡ ಕಮ್ಮಾರ ಯಾರಾದರೂ ಇದ್ದರೆ? ಅಂಥವರ ಹೆಸರು, ಊರು, ಮಾಡಿದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಸಂಘದ ಕಾರ್ಯದರ್ಶಿಗೆ ಕೊಡಿ. ಫೋಟೋ ಇದ್ದರೆ ಅದರ ಹಿಂದೆ ಹೆಸರು ಬರೆಯಲು ಮರೆಯಬೇಡಿ.