ಅಟ್ಟದ ಮೇಲೆ ಎರಡು ಗಡಿಗೆ



ನನ್ನ ತವರು ತುಮಕೂರು ಕಡೆಯ ಹಳ್ಳಿ. ಅಲ್ಲಿ ರಾಗಿಯೇ ಬದುಕು. ಅಟ್ಟದ ಮೇಲಿನ ಬೀಜದ ಗಡಿಗೆ ಅಮ್ಮನದು. ಒಂದು ವರ್ಷ ಮಳೆ ತಡವಾಯಿತು. ಆಗಸ್ಟ್ ಮುಗಿಯುತ್ತ ಬಂದಿದ್ದರೂ ಅಪ್ಪ ಎಂದಿನಂತೆ ನಾಲ್ಕು ತಿಂಗಳ ರಾಗಿಯನ್ನೇ ಬಿತ್ತಿದರು. ಕಾಳು ಕಟ್ಟುವ ಹೊತ್ತಿಗೆ ಮಳೆ ನಿಂತು, ತೆನೆಯೆಲ್ಲ ಜೊಳ್ಳಾಯಿತು.

ತಪ್ಪಿದ್ದು ದಿನಗಳ ಲೆಕ್ಕ. ಜಿಪಿಯು-28 ತಳಿಗೆ 110ರಿಂದ 115 ದಿನ ಬೇಕು. ಜಿಪಿಯು-48 ನೂರು ದಿನದೊಳಗೇ ಕೊಯ್ಲಿಗೆ ಬರುತ್ತದೆ. ಉಳಿದ ಮಳೆಗಾಲ ನೋಡಿ ತಳಿ ಆರಿಸಬೇಕು. ಅದಕ್ಕಾಗಿಯೇ ಹವಾಮಾನ ಇಲಾಖೆ ಮಂಗಳವಾರ, ಶುಕ್ರವಾರ ರೈತರಿಗೆ ಸಲಹೆ ಕೊಡುತ್ತದೆ. ಅದರ ಕೃಷಿ ಹವಾಮಾನ ವಿಭಾಗ ಇರುವುದು ನಾವಿರುವ ಈ ಪುಣೆಯಲ್ಲೇ! ಅಪ್ಪನ ಕಾಲಕ್ಕೆ ಆ ಮಾತು ನಮ್ಮ ಹೊಲ ಮುಟ್ಟಲಿಲ್ಲ.

ಮುಂದೆ ಮತ್ತೊಮ್ಮೆ ಮಳೆ ಹಿಂದಾದಾಗ ತಮ್ಮ ಸಲಹೆ ಕೇಳಿ ಬೇಗ ಬರುವ ಬೀಜ ತಂದ. ‘ನನ್ನ ಬೀಜ ಬೇಡವಾಯಿತೇನೋ?’ ಎಂದು ಅಮ್ಮ ಮೂರು ದಿನ ಮಾತು ಬಿಟ್ಟಳು. ಆ ವರ್ಷ ಕಾಳು ಕೈಗೆ ಬಂತು. ಹುಲ್ಲು ಕಡಿಮೆ ಎಂದು ದನಗಳ ಪರವಾಗಿ ಇವತ್ತಿಗೂ ಗೊಣಗುತ್ತಾಳೆ. ಅದೂ ನಿಜವೇ.

ಈಗ ಅಟ್ಟದ ಮೇಲೆ ಎರಡು ಗಡಿಗೆಗಳಿವೆ: ಹೊತ್ತಿಗೆ ಬಂದ ಮಳೆಗೊಂದು, ತಡವಾದ ಮಳೆಗೊಂದು. ಎರಡಕ್ಕೂ ಬೂದಿ ಬೆರೆಸಿ ಬಾಯಿ ಕಟ್ಟುವವಳು ಅಮ್ಮನೇ.