ಕಾವಲು ನಾಯಿಯ ಕಸುವು ಕುಂದಿದರೆ



ಹಾನಗಲ್ಲಿನ ಭತ್ತದ ಕಣವಿರಲಿ, ಹಿರೇಕೆರೂರಿನ ಗೋವಿನಜೋಳದ ಹೊಲವಿರಲಿ, ಶಿಗ್ಗಾಂವ-ಸವಣೂರು ಕಡೆಯ ಕುರಿ ಹಿಂಡಿರಲಿ, ರಾತ್ರಿ ಕಾವಲಿಗೆ ನಾಯಿ ಬೇಕೇ ಬೇಕು. ಅಂಥ ನಾಯಿ ೫-೬ ವರ್ಷದ ಪ್ರಾಯದಲ್ಲೇ ಮೂಲೆ ಹಿಡಿದು ಮಲಗಿದರೆ, "ಇದಕ್ಕ ಮೈಗಳ್ಳತನ ಬಂದೈತಿ" ಎನ್ನುತ್ತೇವೆ. ತಪ್ಪು ನಾಯಿಯದಲ್ಲ, ಅದರ ಕೊರಳೊಳಗಿನ ಥೈರಾಯ್ಡ್ ಗ್ರಂಥಿಯದೂ ಇರಬಹುದು.

ಈ ಗ್ರಂಥಿಯ ರಸ ರಕ್ತದಲ್ಲಿ ಸೇರಿ, ತಿಂದ ಅನ್ನವನ್ನು ಶಕ್ತಿ ಮಾಡುವ ಕೆಲಸ ನಡೆಸುತ್ತದೆ. ರಸ ಕಡಿಮೆಯಾದರೆ, ಎಣ್ಣೆ ಇದ್ದೂ ಬತ್ತಿ ಇಳಿಸಿದ ಕಂದೀಲಿನ ಹಾಗೆ, ಹೊಟ್ಟೆಗೆ ಕೂಳಿದ್ದರೂ ಸ್ನಾಯುಗಳಲ್ಲಿ ಕಸುವು ಹುಟ್ಟುವುದಿಲ್ಲ. ಚುರುಕಾಗಿ ಓಡಲು ಬೇಕಾದ ಸ್ನಾಯುವಿನ ಎಳೆಗಳು ಸಣ್ಣಗಾಗುತ್ತವೆ. ನಾಯಿ ಕಾಲು ಸೆಟೆದು ನಡೆಯುತ್ತದೆ, ಬೇಗ ದಣಿಯುತ್ತದೆ. ಹೆಚ್ಚು ತಿನ್ನದಿದ್ದರೂ ಮೈ ಬರುವುದು, ತುರಿಕೆಯಿಲ್ಲದೆ ಎರಡೂ ಪಕ್ಕೆಯ ಮತ್ತು ಬಾಲದ ಕೂದಲು ಉದುರುವುದು, ಬೆಚ್ಚಗಿನ ಜಾಗ ಹುಡುಕುವುದು ಉಳಿದ ಗುರುತುಗಳು.

ಅಯೋಡಿನ್ ಉಪ್ಪು ಹಾಕಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ನಾಯಿಗಳಲ್ಲಿ ಸಾಮಾನ್ಯವಾಗಿ ಗ್ರಂಥಿಯೇ ಹಾಳಾಗಿರುತ್ತದೆ.

ಉಣ್ಣೆಯಿಂದ ಬರುವ ಜ್ವರ, ಜಂತುಹುಳ, ಕೀಲುನೋವುಗಳಿಂದಲೂ ನಾಯಿ ಹೀಗೇ ಸೊರಗುತ್ತದೆ. ಬೇರೆ ರೋಗದಲ್ಲಿಯೂ ಈ ರಸ ಇಳಿಯುವುದುಂಟು. ಗ್ರೇಹೌಂಡಿನಂಥ ಓಟದ ತಳಿಗಳಲ್ಲಿ ಆರೋಗ್ಯವಿದ್ದಾಗಲೂ ಅದು ಕಡಿಮೆಯೇ. ಆದ್ದರಿಂದ ಮುಧೋಳದಂಥ ಸಪೂರ ನಾಯಿ ಸಾಕಿದವರು ರಕ್ತಪರೀಕ್ಷೆಯ ಒಂದೇ ಅಂಕಿ ನೋಡಿ ತೀರ್ಮಾನಿಸಬಾರದು. ಪಶುವೈದ್ಯರು ಎಲ್ಲವನ್ನೂ ಕೂಡಿಸಿ ನೋಡಿ ಹೇಳಬೇಕು.

ಒಂದು ಎಚ್ಚರಿಕೆ. ಥೈರಾಯ್ಡ್ ದೋಷ ತಿಂಗಳುಗಟ್ಟಲೆ ಮೆಲ್ಲಗೆ ಬರುತ್ತದೆ. ಎರಡು-ಮೂರು ದಿನದಲ್ಲೇ ದವಡೆ ಜೋತುಬಿದ್ದು, ಜೊಲ್ಲು ಸುರಿದು, ಹಿಂಗಾಲು ಸೋತರೆ ಅದು ಹುಚ್ಚುನಾಯಿ ರೋಗವಿರಬಹುದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿರಿ. ಮಕ್ಕಳನ್ನು ದೂರವಿಡಿರಿ, ಪಶುವೈದ್ಯರಿಗೆ ಕೂಡಲೇ ಸುದ್ದಿ ಮುಟ್ಟಿಸಿರಿ. ಕಚ್ಚಿಸಿಕೊಂಡವರು, ಗಾಯಕ್ಕೆ ಜೊಲ್ಲು ತಗಲಿದವರು ೧೫ ನಿಮಿಷ ಸಾಬೂನು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಥೈರಾಯ್ಡ್ ದೋಷವೆಂದು ಖಚಿತವಾದರೆ ಅಂಜಬೇಕಾಗಿಲ್ಲ. ಲೆವೊಥೈರಾಕ್ಸಿನ್ ಗುಳಿಗೆಯನ್ನು ದಿನಾಲು, ಬದುಕಿರುವ ತನಕ ಕೊಡಬೇಕು. ಮನೆಯಲ್ಲಿ ಅಕ್ಕನೋ ಅವ್ವನೋ ನುಂಗುವ ಗುಳಿಗೆಯನ್ನು ಅಂದಾಜಿನಲ್ಲಿ ಹಾಕಬೇಡಿರಿ. ನಾಯಿಯ ತೂಕ ನೋಡಿ ವೈದ್ಯರೇ ಪ್ರಮಾಣ ಗೊತ್ತುಮಾಡುತ್ತಾರೆ. ಒಂದೆರಡು ವಾರದಲ್ಲಿ ಚುರುಕು ಕಾಣುತ್ತದೆ. ಕಾಲಿನ ಕಸುವಿಗೆ, ಕೂದಲಿಗೆ ಕೆಲವು ತಿಂಗಳು ತಾಳಬೇಕು.

ಹೊಲಮನಿ ಕಾದ ಪ್ರಾಣಿಯನ್ನು ಊರ ಹೊರಗೆ ಬಿಟ್ಟು ಬರುವ ಮೊದಲು ಒಮ್ಮೆ ತಾಲೂಕಿನ ಪಶು ಆಸ್ಪತ್ರೆಗೆ ತೋರಿಸಿರಿ.